719 ಕೊಲೆ, ಒಂದು ಸಾವು

ಸುರಪುರಕ್ಕೆ ಹೊರಟ ದಿನವೇ ಕಂಪ್ಲಿ ಸೇತುವೆ ಮುಳುಗಿತ್ತು. ತುಂಗಭದ್ರಾ ಡ್ಯಾಮಿನ ಗೇಟು ಎತ್ತಿದ ಮರುದಿನ ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಹೊಸಪೇಟೆಯಿಂದ ಕಂಪ್ಲಿಗೆ ಹೋಗಿ, ಅಲ್ಲಿ ಮೇಷ್ಟ್ರಾಗಿರುವ ಗೆಳೆಯನನ್ನು ಹತ್ತಿಸಿಕೊಂಡು, ಹೊಳೆ ದಾಟಿ ಗಂಗಾವತಿ ಸೇರುವ ಲೆಕ್ಕ ನನ್ನದು. ಬ್ಯಾರಿಕೇಡಿನ ಪಕ್ಕ ಕೊಡೆ ಹಿಡಿದು ನಿಂತಿದ್ದ ಪೊಲೀಸ್ ಪೇದೆ ಕಾರಿನೊಳಗೆ ಬಗ್ಗಿ ನೋಡಿ, “ನೀರು ಬಂದೈತ್ರಿ, ಹೊಳ್ಳಿ ಹೋಗ್ರಿ” ಅಂದ. ಹೊಳ್ಳಿದೆವು. ಕಮಲಾಪುರದ ಕಡೆಗೆ ವಾಪಸು ಬಂದು, ಬುಕ್ಕಸಾಗರ, ಕಡೇಬಾಗಿಲು ದಾಟಿ ಗಂಗಾವತಿ ಮುಟ್ಟುವಷ್ಟರಲ್ಲಿ ಹೊತ್ತೇರಿತ್ತು.

ಮೇಷ್ಟ್ರು ದಾರಿಯುದ್ದಕ್ಕೂ ಕುಮಾರರಾಮನ ಕಥೆ ಹೇಳಿದ. ಕಂಪ್ಲಿಯವರಿಗೆ ಅದನ್ನು ಹೇಳಲು ನೆಪ ಬೇಕಿಲ್ಲ. ಚೆಂಡು ಹುಡುಕಿಕೊಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಹೋದ ರಾಮ, ಅವಳು ಕೈ ಹಿಡಿದಾಗ ಬಿಡಿಸಿಕೊಂಡು ಬಂದ ರಾಮ, ಅವಳ ಸುಳ್ಳು ದೂರು, ಮಗನ ತಲೆ ತರಲು ಕಂಪಿಲರಾಯನ ಆಜ್ಞೆ. ಮಂತ್ರಿ ಬೈಚಪ್ಪ ರಾಮನನ್ನೂ ಅವನ ಜತೆಗಾರರನ್ನೂ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆಯನ್ನು ತಂದು ತೋರಿಸಿದ. ರಾಜ ನಂಬಿದ. ಮುಂದೆ ದಿಲ್ಲಿಯ ದಂಡು ಬಂದಾಗ ಸತ್ತವನೇ ಎದ್ದು ಬಂದು ಕತ್ತಿ ಹಿಡಿದ. “ಸುಳ್ಳು ಫಿರ್ಯಾದಿ, ಸುಳ್ಳು ಹೆಣ, ಮುಚ್ಚಿಟ್ಟ ಸಾಕ್ಷಿ. ಇದು ಪತ್ತೇದಾರಿ ಕಾದಂಬರಿ ಅಲ್ದೆ ಮತ್ತೇನು?” ಅಂದ ಮೇಷ್ಟ್ರು. ಸಂಡೂರಿನ ರಾಮಗಡವನ್ನು ಹೊಸಮಲೆದುರ್ಗ ಎಂದು ಗುರುತಿಸುವ ನಮ್ಮ ಜನಕ್ಕೆ ಈ ಕಥೆ ಬೆಟ್ಟದಷ್ಟೇ ಹತ್ತಿರದ್ದು.

ನಾವು ಹೊರಟಿದ್ದು ಇನ್ನೊಬ್ಬ ಕಥೆಗಾರನ ಮನೆ ನೋಡಲು. ಅವನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಬದುಕಿನ ಕೊನೆಯ ಹದಿನೈದು ವರ್ಷ ಕಳೆದದ್ದು ಐರ್ಲೆಂಡಿನ ಡಬ್ಲಿನ್ನಿನಲ್ಲಿ, ಹೆರಾಲ್ಡ್ಸ್ ಕ್ರಾಸ್ ಎಂಬ ಬಡಾವಣೆಯ ಓಲ್ಡ್ ಕೋರ್ಟ್ ಎಂಬ ಮನೆಯಲ್ಲಿ. ನಡುವಿನ ವರ್ಷಗಳಲ್ಲಿ ಬಹುಪಾಲು ನಮ್ಮ ಹೈದರಾಬಾದ್ ಸೀಮೆಯಲ್ಲಿ, ಅದರಲ್ಲೂ ಹನ್ನೊಂದು ಹನ್ನೆರಡು ವರ್ಷ ಸುರಪುರದಲ್ಲಿ. ಇಂಗ್ಲಿಷಿನಲ್ಲಿ ಅಪರಾಧ ಕಥನ ಎಂಬ ಹೆಮ್ಮರದ ಬೇರು ಹುಡುಕುವವರು ಸಾಮಾನ್ಯವಾಗಿ ಎಡ್ಗರ್ ಅಲನ್ ಪೋನ ಹತ್ತಿರ ನಿಲ್ಲುತ್ತಾರೆ. ಪೋನ ಮೊದಲ ಪತ್ತೇದಾರಿ ಕಥೆ ಬಂದದ್ದು 1841ರಲ್ಲಿ. ಟೇಲರ್‌ನ ‘ಕನ್ಫೆಷನ್ಸ್ ಆಫ್ ಎ ಥಗ್’ ಅದಕ್ಕಿಂತ ಎರಡು ವರ್ಷ ಮುಂಚೆ, 1839ರಲ್ಲೇ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಗಿತ್ತು. ಅದರ ನಾಯಕ ಪತ್ತೇದಾರನಲ್ಲ, ಕೊಲೆಗಾರ.

ಅವನು ಮುಂಬೈಗೆ ಬಂದಿಳಿದಾಗ ಇನ್ನೂ ಹದಿನಾರು ತುಂಬಿರಲಿಲ್ಲ. 1824. ವ್ಯಾಪಾರಿಯೊಬ್ಬನ ಕೋಠಿಯಲ್ಲಿ ಗುಮಾಸ್ತಿಕೆ ಮಾಡುತ್ತ ಮುಂದೆ ಪಾಲುದಾರನಾಗುವ ಆಸೆ ಹೊತ್ತು ಬಂದಿದ್ದ. ಬಂದು ನೋಡಿದರೆ ವ್ಯಾಪಾರಿಯೇ ದಿವಾಳಿಯ ಅಂಚಿನಲ್ಲಿದ್ದ. ಸಂಬಂಧಿಕರೊಬ್ಬರ ವಶೀಲಿಯಿಂದ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಕಂಪನಿ ಸರ್ಕಾರದ ನೇರ ನೌಕರಿಯಲ್ಲ, ನಿಜಾಮನದು. ಈ ವ್ಯತ್ಯಾಸವೇ ಅವನ ವೃತ್ತಿಯನ್ನು ಕೊನೆಯವರೆಗೂ ಕುಂಟಿಸಿತು, ಅದೇ ಅವನನ್ನು ಬರಹಗಾರನನ್ನಾಗಿಯೂ ಮಾಡಿತು ಅನಿಸುತ್ತದೆ ನನಗೆ. ಬಡ್ತಿ ಕಾಣದ ಅಧಿಕಾರಿಗೆ ಊರೂರು ತಿರುಗುವುದು ತಪ್ಪಲಿಲ್ಲ. ತಿರುಗಿದವನಿಗೆ ಮರಾಠಿ, ಫಾರ್ಸಿ, ಹಿಂದೂಸ್ತಾನಿ ಬಂದವು. ಭಾಷೆ ಬಂದವನ ಹತ್ತಿರ ಜನ ಬಾಯಿ ಬಿಟ್ಟರು.

ಸಂತೆ ಪೇಟೆಗಳ ಉಸ್ತುವಾರಿ, ಆಮೇಲೆ ಪೊಲೀಸ್ ಸಹಾಯಕ ಅಧೀಕ್ಷಕ. ಹಿಟ್ಟಿನಲ್ಲಿ ಮರಳು ಬೆರೆಸಿ ಯಾತ್ರಿಕರಿಗೆ ಮಾರುತ್ತಿದ್ದ ವರ್ತಕರನ್ನು ಹಿಡಿದ ಪ್ರಸಂಗವೊಂದನ್ನು ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದಾನೆ. ದಂಡ ಹಾಕಲಿಲ್ಲ. ಅವರವರ ಅಂಗಡಿಯ ಹಿಟ್ಟನ್ನೇ ತೂಗಿಸಿ, ಅದರಲ್ಲೇ ರೊಟ್ಟಿ ಮಾಡಿಸಿ, ಯಾತ್ರಿಕರ ಎದುರು ಅವರಿಂದಲೇ ತಿನ್ನಿಸಿದ. ಹಲ್ಲಿನ ನಡುವೆ ಮರಳು ಕರಕರ ಅಂದಾಗ ಸಾಕ್ಷಿ ಬೇರೆ ಬೇಕಾಗಲಿಲ್ಲ. ಈ ಮನುಷ್ಯನಿಗೆ ತನಿಖೆಯ ಮೂಗು ಹುಟ್ಟಾ ಇತ್ತು.

ಆದರೆ ದೊಡ್ಡ ಬೇಟೆ ಅವನ ಕೈತಪ್ಪಿತು. 1829ರ ಸುಮಾರಿಗೆ ಅವನ ಸರಹದ್ದಿನ ದಾರಿಗಳ ಬದಿಯಲ್ಲಿ ಹೆಣಗಳು ಸಿಗತೊಡಗಿದ್ದವು. ಇದು ಬಿಡಿ ಬಿಡಿ ದರೋಡೆಯಲ್ಲ, ಇದರ ಹಿಂದೆ ಒಂದು ಕೂಟವಿದೆ ಎಂಬ ವಾಸನೆ ಹತ್ತಿ ಬೆನ್ನುಹತ್ತುವಷ್ಟರಲ್ಲಿ ರೆಜಿಮೆಂಟಿಗೆ ಮರಳಬೇಕೆಂಬ ಹುಕುಂ ಬಂತು. ಆ ಕೂಟದವರಾದ ಠಗ್ಗರನ್ನು ಬಯಲಿಗೆಳೆದ ಕೀರ್ತಿ ಉತ್ತರದ ವಿಲಿಯಂ ಸ್ಲೀಮನ್‌ಗೆ ಹೋಯಿತು. ಟೇಲರ್‌ಗೆ ಉಳಿದದ್ದು ಹಳಹಳಿ. ಮುಂದೆ ಠಗ್ಗರು ಸಾಲುಸಾಲಾಗಿ ಸಿಕ್ಕಿಬಿದ್ದು ಮಾಫಿ ಸಾಕ್ಷಿಗಳಾದಾಗ ಅವರ ಹೇಳಿಕೆ ಬರೆದುಕೊಳ್ಳುವ ಕೆಲಸದಲ್ಲಿ ಅವನೂ ಕೂತ. ಆಗ ಹೊರಬಿದ್ದ ಒಂದು ಸಂಗತಿಯನ್ನು ಕಾದಂಬರಿಯ ಮುನ್ನುಡಿಯಲ್ಲಿ ಹೇಳುತ್ತಾನೆ, ಓದಿದರೆ ಮೈ ಜುಮ್ಮೆನ್ನುತ್ತದೆ.

ಹಿಂಗೋಲಿಯ ದಂಡಿನ ಊರಿನಲ್ಲಿ ಹರಿಸಿಂಗ್ ಎಂಬ ಜವಳಿ ವ್ಯಾಪಾರಿ ಇದ್ದ. ಮರ್ಯಾದಸ್ಥ. ಟೇಲರ್ ಸಹಿತ ಅಲ್ಲಿನ ಅಧಿಕಾರಿಗಳೆಲ್ಲ ಅವನ ಗಿರಾಕಿಗಳು. ಒಮ್ಮೆ ಅವನು ಮುಂಬೈಯಿಂದ ತನಗೆ ಬಟ್ಟೆ ಬರುವುದಿದೆ, ಸುಂಕದ ಕಿರಿಕಿರಿ ಆಗದಂತೆ ಪರವಾನಗಿ ಕೊಡಿ ಎಂದು ಕೇಳಿ ಪಾಸು ಪಡೆದ. ಬರುತ್ತಿದ್ದ ಬಟ್ಟೆ ಅವನದಲ್ಲ, ಪಕ್ಕದೂರಿನ ಇನ್ನೊಬ್ಬ ವ್ಯಾಪಾರಿಯದು. ದಾರಿಯಲ್ಲಿ ಆ ವ್ಯಾಪಾರಿಯನ್ನೂ ಆಳುಗಳನ್ನೂ ಎತ್ತಿನವರನ್ನೂ ಮುಗಿಸಿ, ಅದೇ ಪಾಸು ತೋರಿಸಿ ಮಾಲನ್ನು ದಂಡಿನ ಊರಿಗೆ ತಂದು, ಹಾಡಹಗಲೇ ಹರವಿಕೊಂಡು ಮಾರಿದ. ಸರ್ಕಾರದ ಮೊಹರೇ ಕೊಲೆಗೆ ರಹದಾರಿ! ಟೇಲರ್‌ನಂಥ ಅಧಿಕಾರಿಗಳ ಮೈಮೇಲೆ ಆ ಬಟ್ಟೆಯಿಂದ ಹೊಲಿದ ಅಂಗಿ ಇದ್ದಿರಬಹುದೇ ಎಂದು ನಾನು ಯೋಚಿಸಿದ್ದುಂಟು.

ಕಾದಂಬರಿ ಹುಟ್ಟಿದ್ದು ಈ ಅವಮಾನದಲ್ಲಿ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿದ ತಲೆಮಾರಿನವನು ನಾನು. ಕಥೆಯ ಕೊನೆಯಲ್ಲಿ ಪುರುಷೋತ್ತಮ ಎಲ್ಲರನ್ನೂ ಕೂರಿಸಿ ಗಂಟು ಬಿಡಿಸುತ್ತಾನೆ ಎಂಬ ಭರವಸೆಯಲ್ಲೇ ಬೆಳೆದವನು. ಟೇಲರ್‌ನ ಪುಸ್ತಕ ತೆರೆದಾಗ ಆ ಭರವಸೆ ಮೊದಲ ಪುಟದಲ್ಲೇ ಉದುರಿಹೋಯಿತು. ಇಲ್ಲಿ ಗಂಟೇ ಇಲ್ಲ. ಅಮೀರ್ ಅಲಿ ಎಂಬ ಕೈದಿ ಕೂತು ತಾನು ಮಾಡಿದ್ದನ್ನೆಲ್ಲ ಹೇಳುತ್ತಾನೆ. ಎದುರಿಗಿರುವ ‘ಸಾಹೇಬ’ ಕೇಳಿಸಿಕೊಳ್ಳುತ್ತಾನೆ, ಅಷ್ಟೆ. ತಾನು ಪಾಲ್ಗೊಂಡ ಕೊಲೆಗಳ ಲೆಕ್ಕವನ್ನು ಅಮೀರ್ ಅಲಿ ಕೊಡುತ್ತಾನೆ: 719. ಇಷ್ಟು ವರ್ಷ ಜೈಲಿನಲ್ಲಿ ಕೊಳೆಯದೆ ಇದ್ದಿದ್ದರೆ ಸಾವಿರ ಮುಟ್ಟಿಸುತ್ತಿದ್ದೆನಲ್ಲ ಎಂಬ ಬೇಸರವೂ ಅವನಿಗಿದೆ. ಸುಗ್ಗಿಯಲ್ಲಿ ಚೀಲ ಕಡಿಮೆ ಬಿದ್ದ ರೈತನ ಬೇಸರದ ಹಾಗೆ.

ಕಸುಬಿನ ವಿವರದಲ್ಲಿ ಟೇಲರ್ ಎಲ್ಲೂ ಅವಸರ ಮಾಡುವುದಿಲ್ಲ. ದಾರಿಹೋಕರನ್ನು ಮಾತಿನಲ್ಲಿ ಮರುಳು ಮಾಡಿ ಗುಂಪಿಗೆ ಕರೆತರುವವನು ಸೋಥಾ. ಕುತ್ತಿಗೆಗೆ ರುಮಾಲು ಬಿಗಿಯುವವನು ಭುತ್ತೋಟಿ. ಮುಂಚೆಯೇ ಗುಂಡಿ ತೋಡಿಟ್ಟು ಕಾಯುವವನು ಲುಘಾ. ರುಮಾಲಿನ ಒಂದು ತುದಿಯಲ್ಲಿ ನಾಣ್ಯದ ಗಂಟು, ಹಿಡಿತಕ್ಕೆ. ಊಟ, ಹಾಡು, ನಗೆ ಎಲ್ಲ ಆಗಿ ಅತಿಥಿಗಳು ಕಾಲು ಚಾಚಿ ಕೂತಾಗ ಜಮಾದಾರ ಸಹಜವಾಗಿ, “ತಂಬಾಕು ಲಾವ್” ಅನ್ನುತ್ತಾನೆ. ತಂಬಾಕು ಬರುವುದಿಲ್ಲ. ಆಮೇಲೆ ಎಲ್ಲರೂ ಸಾಲಾಗಿ ಕೂತು ಬೆಲ್ಲ ತಿನ್ನುತ್ತಾರೆ. ಆ ಬೆಲ್ಲದ ರುಚಿ ಹತ್ತಿದವನು ಮತ್ತೆ ಬೇರೆ ಕಸುಬಿಗೆ ಹೋಗಲಾರ ಎಂಬುದು ಅವರ ನಂಬಿಕೆ. ನಮ್ಮ ಕನ್ನಡದ ‘ಠಕ್ಕ’ ಶಬ್ದವೂ ‘ಠಗ್’ ಶಬ್ದವೂ ಒಂದೇ ಬಳಗದವು. ನಮ್ಮಲ್ಲಿ ಅದು ಮೋಸಗಾರನಿಗೆ ನಿಂತಿತು, ಇಂಗ್ಲಿಷಿಗೆ ಹೋಗಿ ರೌಡಿಯಾಯಿತು. ಆ ಪಯಣದಲ್ಲಿ ಟೇಲರ್‌ನ ಪಾಲು ಸಣ್ಣದಲ್ಲ.

ಕಥೆಯ ಹೊಟ್ಟೆಯಲ್ಲಿ ಒಂದು ಮುಳ್ಳಿದೆ. ಅಮೀರ್ ಅಲಿ ಹುಟ್ಟು ಠಗ್ಗನಲ್ಲ. ಅವನ ತಂದೆತಾಯಿಯನ್ನು ಕೊಂದ ಗುಂಪಿನ ಠಗ್ಗನೇ ಅವನನ್ನು ಮಗನ ಹಾಗೆ ಸಾಕಿದ್ದಾನೆ. ದೊಡ್ಡವನಾದ ಮೇಲೆ ಅವನು ಕೊಂದವರಲ್ಲಿ ಒಬ್ಬ ಹೆಂಗಸು ತನ್ನ ಸ್ವಂತ ತಂಗಿ ಎಂಬುದು ಬಹಳ ತಡವಾಗಿ, ಅವಳ ಕೊರಳಿನಲ್ಲಿದ್ದ ಒಂದು ವಸ್ತುವಿನಿಂದ ಗೊತ್ತಾಗುತ್ತದೆ. ಸಾಕಿದವನ ಪ್ರೀತಿ, ಸಾಕಿದವನೇ ತಂದ ಕೇಡು. ಈ ಎಳೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಸುರಪುರದಲ್ಲಿ ಬೇಕಾಗುತ್ತದೆ.

ಪುಸ್ತಕ ಬಿಸಿ ದೋಸೆಯ ಹಾಗೆ ಹೋಯಿತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ವಿಕ್ಟೋರಿಯಾ ರಾಣಿ ಪ್ರೂಫ್ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂದು ಟೇಲರ್ ಹೆಮ್ಮೆಯಿಂದ ಬರೆದಿದ್ದಾನೆ. ಹೆಮ್ಮೆ ಸರಿ. ಆದರೆ ನಾವು ಇಲ್ಲಿ ಕೂತು ಓದುವಾಗ ಬೇರೊಂದು ಲೆಕ್ಕವೂ ಕಾಣುತ್ತದೆ. ಠಗ್ಗರದು ದೇಶವ್ಯಾಪಿ ಕಾಳಿ ಪಂಥವೇ ಆಗಿತ್ತೇ, ಇಲ್ಲವೇ ಬರಗಾಲ, ಕೆಲಸ ಕಳೆದುಕೊಂಡ ಸಿಪಾಯಿಗಳು, ಪುಂಡ ಪಾಳೆಯಗಾರರ ನಡುವೆ ಹುಟ್ಟಿದ ಸಾಮಾನ್ಯ ದಾರಿಗಳ್ಳತನಕ್ಕೆ ಬ್ರಿಟಿಷರು ಧರ್ಮದ ಬಣ್ಣ ಬಳಿದರೇ ಎಂದು ಇತಿಹಾಸಕಾರರು ಇಂದಿಗೂ ಜಗಳಾಡುತ್ತಾರೆ. ಮಾಫಿ ಸಾಕ್ಷಿ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಸಾಹೇಬನಿಗೆ ಬೇಕಾದದ್ದನ್ನೇ ಹೇಳುವುದಿಲ್ಲವೇ? 1836ರ ಕಾಯ್ದೆಯ ಪ್ರಕಾರ ಕೊಲೆ ಸಾಬೀತಾಗಬೇಕಿರಲಿಲ್ಲ, ಠಗ್ಗರ ಗುಂಪಿಗೆ ಸೇರಿದ್ದನೆಂದು ತೋರಿಸಿದರೆ ಸಾಕು, ಜೀವಾವಧಿ. ಅದೇ ದಾರಿಯಲ್ಲಿ ಮುಂದೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಇಡೀ ಜಾತಿಗಳೇ ಹುಟ್ಟಿನಿಂದ ಕಳ್ಳರೆಂದು ಬರೆಸಿಕೊಂಡು, ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕುತ್ತ, ಬೇಲಿಯೊಳಗೆ ಬದುಕಿದವು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಅನ್ನುವ ಹೆಸರು ಇನ್ನೂ ಉಳಿದಿದೆ. ಕಾದಂಬರಿ ಕಾಯ್ದೆ ಮಾಡಲಿಲ್ಲ, ನಿಜ. ಹೆದರಿಕೆಯನ್ನು ಮಾತ್ರ ಮನೆಮನೆಗೆ ಮುಟ್ಟಿಸಿತು.

ಹೀಗಿದ್ದೂ ಅಮೀರ್ ಅಲಿಯ ದನಿ ನನ್ನನ್ನು ಹಿಡಿದಿಡುತ್ತದೆ. ಅವನು ಸಾಹೇಬನಿಗೆ ಬಗ್ಗುವುದಿಲ್ಲ. ನೀವು ಹುಲಿ ಹೊಡೆಯುವಾಗ ಸುಖಪಡುವುದಿಲ್ಲವೇ, ನಮ್ಮದು ಮನುಷ್ಯರ ಬೇಟೆ, ಕಷ್ಟ ಇನ್ನೂ ಜಾಸ್ತಿ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಆಳುವವನ ಬಾಯಿಗೆ ಬೀಗ ಹಾಕಿ ಅಪರಾಧಿಯ ಬಾಯಿ ತೆರೆದಿಟ್ಟ ಧೈರ್ಯ 1839ಕ್ಕೆ ದೊಡ್ಡದು.

ಗಂಗಾವತಿಯಿಂದ ಕೊಪ್ಪಳ ರಸ್ತೆ ಹಿಡಿದು ಹಿರೇಬೆಣಕಲ್ ಕಡೆ ಹೊರಳಿದ್ದು ಮೇಷ್ಟ್ರ ಹಟ. ಹಂಪಿಗೆ ಬಂದವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಇಲ್ಲಿಗೆ ಬರುವುದಿಲ್ಲ. ಗುಡ್ಡ ಹತ್ತಿ ಹೋದರೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳು, ಒಂದೆರಡಲ್ಲ, ನಾನೂರರ ಹತ್ತಿರ. ಸಾವಿರಾರು ವರ್ಷ ಹಳೆಯ ಬೃಹತ್ ಶಿಲಾಯುಗದ ಗೋರಿಗಳು. ಎದುರು ಚಪ್ಪಡಿಯಲ್ಲಿ ಕೆಲವಕ್ಕೆ ದುಂಡನೆಯ ಕಿಂಡಿ. ಊರವರು ಮೋರ್ಯರ ಮನೆ ಅನ್ನುತ್ತಾರೆ. ಮೋರ್ಯರು ಎಂದರೆ ಗುಜ್ಜಾರಿ ಜನ, ಅವರಿಗೆ ಇಷ್ಟು ಮನೆ ಸಾಕು. ಎತ್ತರದ ಬಂಡೆಯೊಂದರ ನೆತ್ತಿಯಲ್ಲಿ ಅರ್ಧಗೋಳದ ನಗಾರಿ ಕಲ್ಲು. ಕಲ್ಲಿನಿಂದ ಹೊಡೆದರೆ ಗುಂಯ್ ಅನ್ನುವ ಸದ್ದು ಕಣಿವೆಯಾಚೆಗೂ ಹೋಗುತ್ತದೆ. ಅಂದು ಮಳೆ ನಿಂತು ಬಂಡೆ ಜಾರುತ್ತಿತ್ತು, ನಾವು ಹತ್ತಲಿಲ್ಲ.

ಟೇಲರ್ ಇಂಥ ಕಲ್ಲುಮನೆಗಳ ಬೆನ್ನು ಹತ್ತಿದ ಮೊದಲಿಗರಲ್ಲಿ ಒಬ್ಬ. ಸುರಪುರದ ಹತ್ತಿರದ ರಾಜನಕೋಳೂರು, ಭೀಮಾ ತೀರದ ಜೇವರ್ಗಿ, ಹೀಗೆ ಎಲ್ಲೆಲ್ಲಿ ಕಲ್ಲುಗುಡ್ಡೆ ಕಂಡವೋ ಅಲ್ಲೆಲ್ಲ ಅಗೆಸಿದ. ಜೇವರ್ಗಿಯ ಗೋರಿಗಳಲ್ಲಿ ಅಡ್ಡಾದಿಡ್ಡಿ ಬಿದ್ದ ಅಸ್ಥಿಪಂಜರಗಳು, ಮುಂಡದಿಂದ ಬೇರೆಯಾಗಿ ಇಟ್ಟ ತಲೆಗಳು ಸಿಕ್ಕವು. ಇನ್ನೊಬ್ಬನಾದರೆ ಮಡಕೆ, ಕಬ್ಬಿಣ ಹೆಕ್ಕಿ ಉಳಿದದ್ದನ್ನು ಮಣ್ಣಿಗೆ ಬಿಡುತ್ತಿದ್ದ. ಇವನು ಗುಂಡಿಯನ್ನು ನೆಟ್ಟಗೆ ಸೀಳಿದ ಹಾಗೆ ಚಿತ್ರ ಬರೆದ: ಮೇಲೆ ಯಾವ ಮಣ್ಣು, ಅದರ ಕೆಳಗೆ ಯಾವುದು, ಎಲುಬು ಯಾವ ಮಗ್ಗುಲಾಗಿದೆ, ತಲೆ ಎಲ್ಲಿದೆ. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥ ಪುರಾತತ್ವ ಪಂಡಿತ ಆ ನಕ್ಷೆಗಳನ್ನು ಹೊಗಳಿದ. ಇವತ್ತಿನ ಪೊಲೀಸ್ ಭಾಷೆಯಲ್ಲಿ ಅದು ಸ್ಥಳ ಮಹಜರು. ಈ ಸಂಶೋಧನೆಯನ್ನು ಅವನು ಮುಂದೆ ವಿಸ್ತಾರವಾಗಿ ಪ್ರಕಟಿಸಿದ್ದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ. ಐರ್ಲೆಂಡಿನಲ್ಲೂ ಇಂಥದೇ ಕಲ್ಲುಮನೆಗಳಿವೆ; ಜೇವರ್ಗಿಯನ್ನೂ ಐರ್ಲೆಂಡನ್ನೂ ಒಂದೇ ಜನ ಕಟ್ಟಿದರೋ ಏನೋ ಎಂದು ಅವನಿಗೆ ಗುಮಾನಿ. ಆ ಗುಮಾನಿ ನಿಲ್ಲಲಿಲ್ಲ, ನಕ್ಷೆ ನಿಂತಿತು. ಮನೆಗೆ ಬಂದ ಮೇಲೆ ನೆನಪಾದದ್ದು ಇದು: ಈ ಕಾಲದ ಐರಿಷ್ ಅಪರಾಧ ಕಾದಂಬರಿಗಾರ್ತಿ ಟಾನಾ ಫ್ರೆಂಚ್ 2007ರಲ್ಲಿ ಬರೆದ ಮೊದಲ ಕಾದಂಬರಿ ‘ಇನ್ ದ ವುಡ್ಸ್’ ಶುರುವಾಗುವುದೂ ಡಬ್ಲಿನ್ ಹೊರವಲಯದ ಉತ್ಖನನದ ಗುಂಡಿಯ ಹತ್ತಿರ ಸಿಕ್ಕ ಹುಡುಗಿಯೊಬ್ಬಳ ಹೆಣದಿಂದ.

ಸಿಂಧನೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ, ಮಸ್ಕಿ, ಲಿಂಗಸುಗೂರು, ಆಮೇಲೆ ತಿಂಥಣಿಯಲ್ಲಿ ಕೃಷ್ಣೆ. ಸೇತುವೆ ದಾಟಿದರೆ ಸುರಪುರದ ಬೇಡ ನಾಯಕರ ಸೀಮೆ. ವಿಜಯನಗರ ಬಿದ್ದ ಮೇಲೆ ತಲೆ ಎತ್ತಿದ ಮನೆತನ. ಮುದುಕ ಔರಂಗಜೇಬ ತನ್ನ ಕೊನೆಯ ಮುತ್ತಿಗೆ ಹಾಕಿದ್ದು 1705ರಲ್ಲಿ, ಇವರ ವಾಗಿಣಗೇರಿ ಕೋಟೆಗೆ. ಅಂಥ ಮನೆಗೆ 1842ರ ಹೊತ್ತಿಗೆ ಕಂಟಕ ಬಂದಿತ್ತು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ, ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಕೂಸು, ರಾಣಿ ಈಶ್ವರಮ್ಮನಿಗೂ ದರ್ಬಾರಿಗೂ ಜಗಳ, ನಿಜಾಮನಿಗೆ ಬಾಕಿ. ಇದನ್ನೆಲ್ಲ ಸರಿಮಾಡಲು ಬಂದ ಪೊಲಿಟಿಕಲ್ ಏಜೆಂಟ್ ಮೆಡೋಸ್ ಟೇಲರ್. ಅವನ ವೈರಿಗಳೂ ಒಪ್ಪುವ ಮಾತು: ಸುರಪುರವನ್ನು ಅವನು ಮನಸ್ಸಿಟ್ಟು ನೋಡಿಕೊಂಡ. ಸಾಲ ತೀರಿಸಿದ, ಬೋನಾಳದ ದೊಡ್ಡ ಕೆರೆ ದುರಸ್ತಿ ಮಾಡಿಸಿದ, ರಸ್ತೆ ಹಾಕಿಸಿದ. ‘ಮೆಡೋಸ್’ ನಾಲಗೆಗೆ ಹೊರಳದ ಜನ ಅವನನ್ನು ‘ಮಹಾದೇವ ಬಾಬಾ’ ಮಾಡಿಕೊಂಡರಂತೆ. ಆ ಕೆರೆ ಇವತ್ತು ಪಕ್ಷಿಧಾಮ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ.

ಎಳೆಯ ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಲೆಕ್ಕ, ಭಾಷೆ, ಕುದುರೆ, ರಾಜನೀತಿ ಎಲ್ಲದಕ್ಕೂ ಅಪ್ಪನೇ ಗುರು. 1853ರಲ್ಲಿ ರಾಜ ಪ್ರಾಯಕ್ಕೆ ಬಂದ, ಅಧಿಕಾರ ಅವನ ಕೈಗೆ ಹೋಯಿತು, ಟೇಲರ್‌ಗೆ ನಳದುರ್ಗಕ್ಕೆ ವರ್ಗವಾಯಿತು. ಐದು ವರ್ಷದಲ್ಲಿ ಎಲ್ಲ ಹದಗೆಟ್ಟಿತು. 1857ರ ಬೆಂಕಿ ದಕ್ಷಿಣಕ್ಕೂ ಹಬ್ಬಿತ್ತು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆ ಅಂದು ಎದ್ದಿದ್ದರು. ಮುಂಡರಗಿ ಭೀಮರಾವ್ ನಮ್ಮ ಪಕ್ಕದ ಕೊಪ್ಪಳದ ಕೋಟೆಯಲ್ಲಿ ಕಾದಾಡಿ 1858ರ ಜೂನಿನಲ್ಲಿ ಸತ್ತ. ಸುರಪುರ ಅದಕ್ಕೂ ಮುಂಚೆ ಸಿಡಿಯಿತು. ಫೆಬ್ರವರಿಯಲ್ಲಿ ಇಂಗ್ಲಿಷರ ಪಡೆಯ ಮೇಲೆ ರಾತ್ರಿ ದಾಳಿ, ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಆಮೇಲೆ ರಾಜ ಕೆಲವೇ ಸವಾರರ ಜೊತೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸಿಕ್ಕಿಬಿದ್ದ.

ಟೇಲರ್ ಜೈಲಿನಲ್ಲಿ ಅವನನ್ನು ಕಂಡ. ಹುಡುಗ ಕಾಲು ಹಿಡಿದು, ಅಪ್ಪಾ ಅಪ್ಪಾ ಎಂದು ಅತ್ತ. ಮರಣದಂಡನೆ ಆಯಿತು, ಅದು ಜೀವಾವಧಿ ಗಡೀಪಾರಿಗೆ ಇಳಿಯಿತು, ಕೊನೆಗೆ ಮದ್ರಾಸಿನ ಹತ್ತಿರದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಇದ್ದರೆ ಸಾಕು, ನಡತೆ ನೋಡಿ ಸಂಸ್ಥಾನ ಮರಳಿ ಕೊಟ್ಟರೂ ಕೊಡಬಹುದು ಎನ್ನುವಲ್ಲಿಗೆ ಬಂತು. ರಾಜನನ್ನು ಕಾವಲಿನಲ್ಲಿ ಕರೆದುಕೊಂಡು ಹೊರಟರು. ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿ ತನ್ನ ರಿವಾಲ್ವರನ್ನು ಬೆಲ್ಟ್ ಸಹಿತ ಕುರ್ಚಿಗೆ ನೇತುಹಾಕಿ ಆ ಕಡೆ ಹೋದ. ಒಂದು ಗುಂಡಿನ ಸದ್ದು. ರಾಜ ಸತ್ತಿದ್ದ.

ಆಕಸ್ಮಿಕವೋ, ಆತ್ಮಹತ್ಯೆಯೋ? ಎರಡು ಬಗೆಯಲ್ಲೂ ಬರೆದವರಿದ್ದಾರೆ. ಅದೆಲ್ಲ ಸುಳ್ಳು, ಕೊಂದರು ಎನ್ನುವವರೂ ಇದ್ದಾರೆ.

ಇಲ್ಲಿ ನಮ್ಮ ಕಾದಂಬರಿಕಾರ ಏನು ಮಾಡಿದ? ಆತ್ಮಕಥೆಯ ಈ ಭಾಗವನ್ನು ನಾನು ಮೂರು ನಾಲ್ಕು ಸಲ ಓದಿದ್ದೇನೆ. ಸುದ್ದಿ ಬಂದಾಗ ಅವನು ಸುರಪುರದಲ್ಲಿದ್ದ, ಕಮಿಷನರ್ ಆಗಿ ಅಲ್ಲಿಗೇ ಮರಳಿದ್ದ. ಹುಡುಗನ ಜಾತಕದಲ್ಲಿ ಇಪ್ಪತ್ನಾಲ್ಕನೆಯ ವರ್ಷಕ್ಕೆ ಸಾವು ಎಂದು ಜೋಯಿಸರು ಬಹಳ ಹಿಂದೆಯೇ ಬರೆದಿಟ್ಟಿದ್ದರು, ಆ ಗುಟ್ಟು ಟೇಲರ್‌ಗೂ ಗೊತ್ತಿತ್ತು. ಶಿಕ್ಷೆ ಇಳಿದ ಸುದ್ದಿ ಬಂದಾಗಲೂ ಅರಮನೆಯ ಶಾಸ್ತ್ರಿ ತಲೆ ಅಲ್ಲಾಡಿಸಿದ್ದ. ಜಾತಕ ಖರೆಯಾಯಿತು. ಟೇಲರ್ ಕಥೆಯನ್ನು ಅಲ್ಲಿಗೆ ತಂದು, ವಿಧಿಯ ಮುಂದೆ ಟೋಪಿ ತೆಗೆದು ನಿಲ್ಲುತ್ತಾನೆ.

ನನಗೆ ಸಿಟ್ಟು ಬರುವುದು ಇಲ್ಲಿ. ಹಿಟ್ಟಿನಲ್ಲಿ ಮರಳು ಹುಡುಕಿದವನು, ಒಂದು ಪಾಸಿನ ಹಿಂದಿನ ಮೋಸವನ್ನು ಎಳೆ ಎಳೆಯಾಗಿ ಬಿಡಿಸಿಟ್ಟವನು, ಎರಡೂವರೆ ಸಾವಿರ ವರ್ಷ ಹಿಂದಿನ ಎಲುಬು ಯಾವ ಮಗ್ಗುಲಿಗಿದೆ ಎಂದು ನಕ್ಷೆ ಬರೆದವನು, ತಾನು ಎತ್ತಿ ಆಡಿಸಿದ ಹುಡುಗನ ಸಾವಿನ ಮುಂದೆ ಒಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಕೇಳುವುದಿಲ್ಲ. ರಾಜಕೀಯ ಕೈದಿಯ ಕೈಗೆ ಎಟಕುವಂತೆ ತುಂಬಿದ ರಿವಾಲ್ವರ್ ಬಿಟ್ಟು ಹೋಗುತ್ತಾರೆಯೇ? ಡೇರೆಯಲ್ಲಿ ಆ ಹೊತ್ತಿಗೆ ಇನ್ನಾರಿದ್ದರು? ಗುಂಡು ಎಲ್ಲಿ ಹೊಕ್ಕಿತ್ತು, ಎಷ್ಟು ಹತ್ತಿರದಿಂದ? ಸಾವಿನಿಂದ ಲಾಭ ಯಾರಿಗೆ ಎಂಬುದು ಯಾವ ಪತ್ತೇದಾರನಾದರೂ ಮೊದಲು ಕೇಳುವ ಮಾತು: 1860ರ ಒಪ್ಪಂದದಲ್ಲಿ ಸುರಪುರ ನಿಜಾಮನಿಗೆ ಬಹುಮಾನವಾಗಿ ಹೋಯಿತು. ಇಷ್ಟಾದರೂ ಇದು ಕೊಲೆಯೇ ಎಂದು ಹೇಳಲು ನಾನು ತಯಾರಿಲ್ಲ. ಕೊಲ್ಲುವ ಮನಸ್ಸಿದ್ದವರು ನೇಣನ್ನು ತಪ್ಪಿಸುತ್ತಿದ್ದರೇ? ಮಾನಕ್ಕೆ ಅಂಜಿದ ಬೇಡ ನಾಯಕ, ಕೋಟೆಯೊಳಗಿನ ನಾಲ್ಕು ವರ್ಷಕ್ಕಿಂತ ಒಂದು ಗುಂಡೇ ಲೇಸೆಂದು ಬಗೆದಿದ್ದರೂ ಆಶ್ಚರ್ಯವಿಲ್ಲ. ನನ್ನ ತಕರಾರು ಉತ್ತರದ ಬಗ್ಗೆ ಅಲ್ಲ. ಪ್ರಶ್ನೆ ಕೇಳುವ ಕಸುಬಿನವನು ಅಂದು ಜೋಯಿಸನ ಓಲೆಯ ಹಿಂದೆ ಹೋಗಿ ಅಡಗಿ ಕೂತ. ಕೇಳಿದ್ದರೆ ಬೆರಳು ತನ್ನ ಸರ್ಕಾರದ ಕಡೆಗೆ ತಿರುಗುತ್ತಿತ್ತು, ಇಲ್ಲವೇ ತನ್ನ ಕಡೆಗೇ. ಸಾಕಿದವನೇ ತಂದ ಕೇಡು ಎಂಬ ಎಳೆಯನ್ನು ಅವನು ಇಪ್ಪತ್ತು ವರ್ಷ ಮೊದಲೇ ಅಮೀರ್ ಅಲಿಯ ಬಾಯಲ್ಲಿ ಬರೆದಾಗಿತ್ತು.

1860ರಲ್ಲಿ ಮೈಯಲ್ಲಿ ಕಸುವು ಕಳೆದುಕೊಂಡು ಟೇಲರ್ ಹಿಂದಿರುಗಿದ, ಡಬ್ಲಿನ್ನಿನಲ್ಲಿ ನೆಲೆ ನಿಂತ. ಆಗ ಆ ಊರಿನಲ್ಲಿ ಶೆರಿಡನ್ ಲೆ ಫಾನು ಇದ್ದ; ಅವನ ‘ಅಂಕಲ್ ಸೈಲಸ್’ 1864ರಲ್ಲಿ ಬಂತು, ಬೀಗ ಹಾಕಿದ ಕೋಣೆಯೊಳಗಿನ ಕೊಲೆಯ ಕಥೆ. ಅದೇ ಊರಿನಲ್ಲಿ ಮುಂದೆ ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಹುಟ್ಟಿದ, ರೈಲ್ವೆ ಇಂಜಿನಿಯರ್ ಆಗಿದ್ದು ಟೈಮ್ ಟೇಬಲ್ ಹಿಡಿದೇ ಕೊಲೆಗಾರರನ್ನು ಹಿಡಿಯುವ ಕಥೆ ಬರೆದ. ಬೂಕರ್ ಗೆದ್ದ ಜಾನ್ ಬ್ಯಾನ್ವಿಲ್ ಬೆಂಜಮಿನ್ ಬ್ಲ್ಯಾಕ್ ಎಂಬ ಹೆಸರಿಟ್ಟುಕೊಂಡು 1950ರ ದಶಕದ ಡಬ್ಲಿನ್ನಿನ ಶವಾಗಾರದ ವೈದ್ಯನೊಬ್ಬನನ್ನು ಸೃಷ್ಟಿಸಿದ್ದು ನಮ್ಮ ಕಾಲದ ಮಾತು. ಟೇಲರ್ ಈ ಐರಿಷ್ ಪಂಗಡದಲ್ಲಿ ಸೇರಲಿಲ್ಲ. ಡಬ್ಲಿನ್ನಿನ ಮಳೆ ನೋಡುತ್ತ ಅವನು ಬರೆದದ್ದೆಲ್ಲ ಭಾರತದ ಕಥೆಗಳನ್ನೇ: 1863ರಲ್ಲಿ ‘ತಾರಾ’, 1865ರಲ್ಲಿ ‘ರಾಲ್ಫ್ ಡಾರ್ನೆಲ್’, 1872ರಲ್ಲಿ ‘ಸೀತಾ’, ಅವನು ಸತ್ತ ಮೇಲೆ ಅಚ್ಚಾದ ಚಾಂದ್ ಬೀಬಿಯ ಕಥೆ ‘ಎ ನೋಬಲ್ ಕ್ವೀನ್’. ಇವು ದಪ್ಪ ದಪ್ಪ ಐತಿಹಾಸಿಕ ಕಾದಂಬರಿಗಳು, ಒಳ್ಳೆಯ ಉದ್ದೇಶದವು. ‘ಥಗ್’ ಓದಿದ ಮೇಲೆ ಸಪ್ಪೆ. ಅಪರಾಧಿಯ ದನಿ ಮತ್ತೆ ಅವನಿಗೆ ಒಲಿಯಲಿಲ್ಲ. ಕಣ್ಣು ಮಂಜಾಗುತ್ತ ಬಂತು. 1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕರೆದನೆಂದು ಮತ್ತೊಮ್ಮೆ ಹೈದರಾಬಾದಿಗೆ ಬಂದ, ಜ್ವರ ಹಿಡಿಯಿತು. ಮರಳುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡ. ಮಗಳು ಆಲಿಸ್ ಮರುವರ್ಷ ಆತ್ಮಕಥೆ ತಂದಳು.

ಟೇಲರ್ ಮಂಜಿಲ್‌ನಿಂದ ಇಳಿಯುವಾಗ ಮೇಷ್ಟ್ರು ಕೇಳಿದ: ಹೊರಗಿನವನು ಬಂದು ಇಷ್ಟು ಬರೆದ, ನಮ್ಮವರು? ನಮ್ಮವರಿಲ್ಲ ಅನ್ನಲಾಗದು. ಸಂಡೂರಿನ ಮಣ್ಣಿನಲ್ಲಿ ಬೆಳೆದ ವಸುಧೇಂದ್ರರ ‘ತೇಜೋ ತುಂಗಭದ್ರಾ’ದಲ್ಲಿ ನಮ್ಮ ಹೊಳೆಯೂ ಇದೆ, ಕ್ರೌರ್ಯವೂ ಇದೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕರಿಸಿರಿಯಾನ’ದಲ್ಲಿ ವಿಜಯನಗರದ ಆನೆಗಳ ಮೇಲೆ ಹೊರಟುಹೋದ ಸಂಪತ್ತಿನ ಬೆನ್ನು ಹತ್ತಿದರು. ಆದರೆ ಸಂಡೂರಿನ ಅಕ್ರಮ ಗಣಿಗಾರಿಕೆಯ ಕೆಂಪುಧೂಳಿನ ಕಾಲ ಮಾತ್ರ ಇನ್ನೂ ಕಾದಂಬರಿಕಾರನಿಗಾಗಿ ಕಾದು ಕೂತಿದೆ. ರಾತ್ರಿ ಸಾಲುಗಟ್ಟಿದ ಲಾರಿಗಳು, ಮಾಯವಾದ ಗಡಿಕಲ್ಲುಗಳು, ಸುಗ್ಗಲಮ್ಮನ ಗುಡಿಯನ್ನೇ ಸಿಡಿಸಿದ್ದು. ಅದೆಲ್ಲ ಸೇರಿದ್ದು ಲೋಕಾಯುಕ್ತದ 2011ರ ವರದಿಯಲ್ಲಿ, ಅದೂ ಕೋಟಿಗಳ ಲೆಕ್ಕದಲ್ಲಿ. ಲಾರಿ ಓಡಿಸಿದ ಕ್ಲೀನರ್ ಹುಡುಗ ಯಾವ ಸಾಹೇಬನ ಮುಂದೆ ಕೂತು ತನ್ನ ಕಥೆ ಹೇಳಬೇಕು?

ವಾಪಸು ಬರುವಾಗ ಕಂಪ್ಲಿ ಸೇತುವೆ ಬಿಟ್ಟಿದ್ದರು. ಮಾರನೆಯ ದಿನದ ಸಂಜೆ. ಕಂಬಿಗಳಿಗೆ ಜೊಂಡು, ಹರಕು ಸೀರೆ, ಒಂದು ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿದ್ದವು. ಪೇದೆ ಬೇರೆಯವನು. ಮೇಷ್ಟ್ರು ಬಹಳ ಹೊತ್ತಿನಿಂದ ಮಾತಾಡಿರಲಿಲ್ಲ. ಮನೆ ಓಣಿಯ ತಿರುವಿನಲ್ಲಿ ಕಾರು ನಿಲ್ಲಿಸಿದಾಗ ಬಾಗಿಲು ತೆಗೆದವನು ಹಾಗೇ ಕೂತ.

“ನಮ್ಮ ರಾಮಗ ಬೈಚಪ್ಪ ಇದ್ದ,” ಅಂದ. “ರಾಜನ ಮುಂದ ಬ್ಯಾರೆ ತಲಿ ಇಟ್ಟು, ಹುಡುಗನ್ನ ನೆಲಮಾಳಿಗ್ಯಾಗ ಇಟ್ಟಿದ್ದ. ಆ ಹುಡುಗಗ ಅಪ್ಪ ಒಬ್ಬಾವ ಇದ್ದ.”

ಇಳಿದು, ಕೊಡೆ ಮರೆತು ಹೋದ. ಕೊಡೆ ಇನ್ನೂ ನನ್ನ ಕಾರಿನಲ್ಲೇ ಇದೆ.